ಬೆಟಗೇರಿಯ ಬನಶಂಕರೆವ್ವ ಸೈಕಲ್ ಪಂದ್ಯಕ್ಕೆ ಇಳಿದದ್ದು

ನಲವತ್ತು ದಾಟಿದ ಹೆಂಗಸರಿಗೆ ಮೊಣಕಾಲು ನೋಯುತ್ತದೆ. ಸೊಂಟ ಹಿಡಿಯುತ್ತದೆ. ನಾಲ್ಕು ಹೆಜ್ಜೆ ನಡೆದರೆ ದಮ್ಮು ಹತ್ತುತ್ತದೆ. ಯಾರಿಗಾದರೂ ಹೇಳಿದರೆ, "ವಯಸ್ಸಾತು, ಇನ್ನೇನು" ಎನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು. ಈ ಮಾತು ನಿಮ್ಮ ಓಣಿಯಲ್ಲೂ ಇದೆ, ನಮ್ಮ ಓಣಿಯಲ್ಲೂ ಇದೆ. ಬೆಟಗೇರಿಯ ನೇಕಾರರ ಓಣಿಯಲ್ಲಿ ಬನಶಂಕರೆವ್ವನ ಮನೆಯಲ್ಲೂ ಇತ್ತು.

ಬನಶಂಕರೆವ್ವನಿಗೆ ಆಗ ನಲವತ್ತೆರಡು ವರ್ಷ. ಗಂಡ ನಾರಾಯಣಪ್ಪ ಮಗ್ಗದ ಮೇಲೆ ಸೀರೆ ನೇಯುತ್ತಿದ್ದ. ಈಕೆ ಬೆಳಗಾದರೆ ರಾಟಿಯ ಮುಂದೆ ಕುಳಿತು, ಲಾಳಿಗೆ ಬೇಕಾದ ನೂಲು ಸುತ್ತಿಕೊಡುತ್ತಿದ್ದಳು. ಕೈಗೆ ಬಿಡುವಿಲ್ಲ, ಕಾಲಿಗೆ ಕೆಲಸವಿಲ್ಲ. ಇಬ್ಬರು ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಮನೆ ಸೇರಿದ್ದರು. ಮನೆಯಲ್ಲಿ ಉಳಿದ ಇನ್ನೊಬ್ಬಳೆಂದರೆ ಅತ್ತೆ ಚೌಡವ್ವ. ವಯಸ್ಸು ಎಪ್ಪತ್ತರ ಹತ್ತಿರವಿದ್ದರೂ ದನಿ ಓಣಿಯ ಕೊನೆಯವರೆಗೆ ಕೇಳುತ್ತಿತ್ತು.

ನಮ್ಮ ಕನ್ನಡನಾಡು ಒಂದಾದದ್ದು ೧೯೫೬ರ ನವೆಂಬರ್ ತಿಂಗಳಲ್ಲಿ. ನಾನು ಹೇಳುವ ಸಂಗತಿ ಶುರುವಾದದ್ದು ಅದರ ಹಿಂದಿನ ವರ್ಷ, ದಸರೆ ಮುಗಿದ ಮೇಲೆ. ಒಂದು ದಿನ ಬೆಳಿಗ್ಗೆ ಬನಶಂಕರೆವ್ವ ರಾಟಿ ಬಿಟ್ಟು ಏಳಲು ಹೋದಳು. ಏಳಲಾಗಲಿಲ್ಲ. ಗೋಡೆ ಹಿಡಿದು ಅರ್ಧ ಎದ್ದಳು, ಮತ್ತೆ ಕುಸಿದು ಕುಳಿತಳು.

ಅದೇ ಹೊತ್ತಿಗೆ ಪಕ್ಕದ ಮನೆಯ ಬಾಣಂತಿಯನ್ನು ನೋಡಲು ನರ್ಸ್ ಅಮೃತವ್ವ ಬಂದಿದ್ದರು. ಅವರು ಬಾಳೆಹೊಸೂರಿನವರು. ದವಾಖಾನೆಯಲ್ಲಿ ನೌಕರಿ. ಓಣಿ ಓಣಿಗೆ ಸೈಕಲ್ ಮೇಲೆಯೇ ತಿರುಗುತ್ತಿದ್ದರು. ಚೌಡವ್ವ ಹೊರಗೆ ಬಂದು ಕೂಗಿದಳು.

"ಬಾಯಾರ, ಇಲ್ಲೊಂದೀಟು ಬಂದು ಹೋಗ್ರಿ. ನಮ್ಮ ಸೊಸಿ ಕುಂತಾಕಿ ಏಳವಲ್ಲಳು."

ಅಮೃತವ್ವ ಬಂದು ಮೊಣಕಾಲು ಒತ್ತಿ ನೋಡಿದರು. ಕಾಲು ಮಡಚಿಸಿ, ಚಾಚಿಸಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಕ್ಕಾರ, ಮುಟ್ಟು ನಿಂತು ಎಷ್ಟು ದಿನ ಆತು?"

ಬನಶಂಕರೆವ್ವ ಒಮ್ಮೆ ಮಗ್ಗದ ಕಡೆ ನೋಡಿದಳು. ಗಂಡ ಅಲ್ಲಿರಲಿಲ್ಲ. "ವರ್ಷ ಆಗಾಕ ಬಂತ್ರಿ" ಎಂದಳು.

"ನಿದ್ದಿ ಬರತೈತಿ?"

"ಎಲ್ಲಿ ನಿದ್ದಿರಿ. ಮೈಯೆಲ್ಲಾ ಒಮ್ಮಿಂದೊಮ್ಮೆ ಕುದದಂಗ ಆಗತೈತಿ. ಸುಮ್ಮಸುಮ್ಮನ ಅಳು ಬರತೈತಿ. ಯಾರಿಗೆ ಹೇಳಲಿ?"

"ನನಗ ಹೇಳಿದ್ರೆಲ್ಲ, ಛಲೋ ಆತು. ಇದು ಬ್ಯಾನಿ ಅಲ್ರಿ. ಹೆಣ್ಣಾಗಿ ಹುಟ್ಟಿದವರಿಗೆಲ್ಲಾ ಬರೋ ಕಾಲ. ಆದ್ರ ಈ ಕಾಲದಾಗ ಕುಂತಲ್ಲೇ ಕುಂತ್ರ ಮೈ ಕೆಡತೈತಿ. ನಿಮ್ಮ ತೊಡಿಯಾಗ ಬಲ ಕಡಿಮಿ ಆಗೈತಿ. ಅದಕ್ಕ ಮೊಣಕಾಲು ಮೈಭಾರ ತಡೀವಲ್ದು. ಕಾಲಿಗೆ ಕೆಲಸ ಕೊಡ್ರಿ."

"ನಡದ್ರ ನೋವು ಬಾಯಾರ."

"ಹಂಗಾದ್ರ ಸೈಕಲ್ ಕಲೀರಿ. ಮೈಭಾರ ಸೀಟಿನ ಮ್ಯಾಲ ಇರತೈತಿ. ಕಾಲು ಬರೇ ತಿರಗತಾವ. ನೋವು ಕಡಿಮಿ, ಬಲ ಹೆಚ್ಚು."

ಸೈಕಲ್ ಎಂಬ ಮಾತು ಕೇಳಿ ಚೌಡವ್ವ ಎದ್ದೇ ನಿಂತಳು.

"ಏನಂದ್ರಿ? ಮೊಮ್ಮಗನ್ನ ಎತ್ತಿ ಆಡಿಸಿದಾಕಿ ಸೈಕಲ್ ಹತ್ತಬೇಕಾ? ನೀವು ಸರಕಾರದ ಮಂದಿ, ನಿಮಗ ನಡೀತೈತಿ. ನಮ್ಮಂಥವರ ಮನಿ ಹೆಣ್ಣಮಕ್ಕಳು ಸೈಕಲ್ ಹೊಡದ್ರ ಗರ್ಭಚೀಲ ಜಾರತೈತಿ."

"ಯವ್ವಾ, ಸೈಕಲ್ಲಿಗೆ ಗರ್ಭಚೀಲ ಜಾರೂದಿಲ್ಲ. ಮ್ಯಾಲಿಂದ ಮ್ಯಾಲ ಹಡದ್ರ ಜಾರತೈತಿ. ಹಸಿ ಬಾಣಂತಿ ತುಂಬಿದ ಕೊಡ ಹೊತ್ರ ಜಾರತೈತಿ. ಅದನ್ನ ಯಾವ ಮನಿಯಾಗೂ ಬ್ಯಾಡ ಅಂದದ್ದು ನಾ ಕೇಳಿಲ್ಲ."

ಚೌಡವ್ವ ಒಪ್ಪಲಿಲ್ಲ. ಮುಖ ತಿರುಗಿಸಿ ಒಲೆಯ ಹತ್ತಿರ ಹೋದಳು.

ಬೆಟಗೇರಿಯಲ್ಲಿ ಬಾಬಣ್ಣ ಎಂಬವನ ಸೈಕಲ್ ಅಂಗಡಿ ಇತ್ತು. ಮಿಶನ್ ದವಾಖಾನೆಯ ನರ್ಸ್ ಬಾಯಿಯೊಬ್ಬರು ಊರು ಬಿಡುವಾಗ ಅವನಿಗೆ ಕೊಟ್ಟು ಹೋಗಿದ್ದ ಹೆಂಗಸರ ಸೈಕಲ್ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಅಮೃತವ್ವ ಅದನ್ನು ಬಾಡಿಗೆಗೆ ಕೊಡಿಸಿದರು. ಬಾಬಣ್ಣ ಎಣ್ಣೆ ಹಾಕಿ, ಸೀಟು ಇಳಿಸಿ, "ಅಕ್ಕಾರ, ಕುಂತಾಗ ಎರಡೂ ಕಾಲಿನ ತುದಿಬೆರಳು ನೆಲಕ್ಕ ಹತ್ತಬೇಕು. ಅಂದ್ರ ಅಂಜಿಕಿ ಬರೂದಿಲ್ಲ" ಎಂದ.

ನಾರಾಯಣಪ್ಪನಿಗೆ ಇದು ಇಷ್ಟವಿರಲಿಲ್ಲ. ಆದರೆ ಆತ ಜಗಳದ ಮನುಷ್ಯನಲ್ಲ. "ಮಂದಿ ಏಳೋದರಾಗ ಹೋಗಿ ಬಂದ್ಬಿಡು" ಎಂದಷ್ಟೇ ಹೇಳಿದ.

ಊರ ಹೊರಗಿನ ಬಯಲಿನಲ್ಲಿ, ಸೂರ್ಯ ಹುಟ್ಟುವ ಹೊತ್ತಿಗೆ ಕಲಿಕೆ ಶುರುವಾಯಿತು. ಬನಶಂಕರೆವ್ವ ಸೀರೆಗೆ ಕಚ್ಚೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. ಅಮೃತವ್ವ ಹಿಂದಿನಿಂದ ಸೀಟು ಹಿಡಿದರು.

"ಗಾಲಿ ನೋಡಬ್ಯಾಡ್ರಿ. ದೂರ ನೋಡ್ರಿ. ಯಾ ಕಡೆ ಬೀಳಾಕ ಹತ್ತತೀರೋ ಆ ಕಡೆಗೇ ಹ್ಯಾಂಡಲ್ ಹೊಳ್ಳಸ್ರಿ."

"ಬೀಳೂ ಕಡೆಗೇ ಹೊಳ್ಳಸಬೇಕಾ? ಇದ್ಯಾವ ಶಾಣೇತನಾರಿ!"

"ಮಾಡಿ ನೋಡ್ರಿ."

ಬಿದ್ದಳು. ಮೊಣಕೈ ತರಚಿತು. ಎದ್ದಳು, ಮತ್ತೆ ಬಿದ್ದಳು. ಮನೆಗೆ ಹೋದರೆ ಚೌಡವ್ವ ಅರಿಷಿಣ ಹಚ್ಚುತ್ತಲೇ ಬೈಯುತ್ತಿದ್ದಳು. ಹಾಗೆಯೇ ಕೆಲವು ದಿನ ಹೋದವು. ಒಂದು ಬೆಳಿಗ್ಗೆ ಬನಶಂಕರೆವ್ವ ಪೆಡಲು ತುಳಿಯುತ್ತ, "ಬಾಯಾರ, ಗಟ್ಟಿ ಹಿಡೀರಿ, ಬಿಡಬ್ಯಾಡ್ರಿ" ಎನ್ನುತ್ತಿದ್ದಳು. ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅಮೃತವ್ವ ಬಹಳ ಹಿಂದೆ, ಸೊಂಟದ ಮೇಲೆ ಕೈ ಇಟ್ಟುಕೊಂಡು ನಗುತ್ತ ನಿಂತಿದ್ದರು. ಬನಶಂಕರೆವ್ವ ಒಬ್ಬಳೇ ಓಡಿಸುತ್ತಿದ್ದಳು. ಆಕೆಗೆ ನಿಲ್ಲಿಸುವುದು ಹೇಗೆಂದು ಇನ್ನೂ ಗೊತ್ತಿರಲಿಲ್ಲ. ನಿಲ್ಲಿಸುವ ಮನಸ್ಸೂ ಇರಲಿಲ್ಲ. ಬಯಲನ್ನು ಸುತ್ತು ಹಾಕಿದಳು, ಮತ್ತೆ ಸುತ್ತು ಹಾಕಿದಳು. ಕೊನೆಗೆ ಜಾಲಿ ಗಿಡದೊಳಗೆ ಹೋಗಿ ನಿಂತಳು.

ಸಂಕ್ರಾಂತಿ ಬರುವ ಹೊತ್ತಿಗೆ ಆಕೆ ಕೈಯೂರದೆ ನೆಲದಿಂದ ಏಳುತ್ತಿದ್ದಳು. ಮಲಗಿದರೆ ನಿದ್ದೆ ಬರುತ್ತಿತ್ತು. ನೂಲಿನ ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಬೆಟಗೇರಿಯಿಂದ ಗದಗಿಗೆ ಹೋಗಿ ಬರುತ್ತಿದ್ದಳು. ಓಣಿಯ ಮಂದಿ ಮೊದಮೊದಲು ಬಾಗಿಲಿಗೆ ಬಂದು ನೋಡಿದರು. ಆಮೇಲೆ ನೋಡುವುದನ್ನು ಬಿಟ್ಟರು. ನಾರಾಯಣಪ್ಪನಿಗೆ ಮಾತ್ರ ನಾಚಿಕೆ ಬಿಟ್ಟಿರಲಿಲ್ಲ. ಹೆಂಡತಿ ಎದುರಿಗೆ ಬಂದರೆ ಬೇರೆ ಓಣಿಗೆ ತಿರುಗಿಬಿಡುತ್ತಿದ್ದ.

ಒಂದು ಸಲ ನಾರಾಯಣಪ್ಪನ ಅಂಗಾಲಿಗೆ ಕುರುವಾಯಿತು. ಅದೇ ದಿನ ಗದಗಿನ ವ್ಯಾಪಾರಿಗೆ ಮದುವೆಯ ಸೀರೆಗಳನ್ನು ಮುಟ್ಟಿಸಬೇಕಿತ್ತು. ಸೀರೆ ಬಿಡಿಸಿ ತೋರಿಸುವುದು, ನೇಯ್ಗೆಯ ಮಾತಾಡುವುದು ಆತನೇ ಆಗಬೇಕು. ಟಾಂಗಾ ಸಿಗಲಿಲ್ಲ.

"ಹಿಂದ ಹತ್ರಿ" ಎಂದಳು ಬನಶಂಕರೆವ್ವ.

"ಯಾರ ಹಿಂದ?"

"ನನ್ನ ಹಿಂದ. ಮತ್ತ್ಯಾರ ಹಿಂದ ಹತ್ತತೀರಿ?"

ನಾರಾಯಣಪ್ಪ ಸೀರೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು, ಮುಖಕ್ಕೆ ಟವಲು ಸುತ್ತಿಕೊಂಡು ಕ್ಯಾರಿಯರ್ ಮೇಲೆ ಕುಳಿತ. ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದ. ರೈಲ್ವೆ ಸ್ಟೇಶನ್ ದಾಟಿದ ಮೇಲೆ ಪರಿಚಯದವನೊಬ್ಬ, "ಏನ ನಾರಾಯಣಪ್ಪ, ಸವಾರಿ ಜೋರೈತಲ್ಲ!" ಎಂದ. ಟವಲು ಕಟ್ಟಿದರೂ ಗುರುತು ಸಿಕ್ಕಿತ್ತು. ಇನ್ನೇನು ಮಾಡುವುದು? ನಾರಾಯಣಪ್ಪ ಟವಲು ತೆಗೆದು ಹೆಗಲಿಗೆ ಹಾಕಿಕೊಂಡ. ಕಣ್ಣು ಬಿಟ್ಟು ನೋಡಿದ. ಏರು ದಾರಿ. ಹಿಂದೆ ಗಂಡನ ಭಾರ, ಸೀರೆಯ ಭಾರ. ಆದರೂ ಹೆಂಡತಿಗೆ ದಮ್ಮು ಹತ್ತಿರಲಿಲ್ಲ. ಹಬ್ಬಕ್ಕೆ ಮನೆ ಸಾರಿಸಿದರೆ ಏದುಸಿರು ಬಿಡುತ್ತಿದ್ದವಳು ಇವಳೇನಾ ಎಂದು ಆತನಿಗೆ ಅನ್ನಿಸಿತು.

ವಾಪಸು ಬರುವಾಗ ಶಾಲೆಯ ಮಾಸ್ತರರೊಬ್ಬರು ಸೈಕಲ್ ಮೇಲೆ ಮುಂದೆ ಹೋಗುತ್ತಿದ್ದರು. ಬನಶಂಕರೆವ್ವ ಸುಮ್ಮನೆ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಗಂಟೆ ಬಾರಿಸಿ, ಗಂಡನನ್ನು ಹೊತ್ತುಕೊಂಡೇ, ಅವರನ್ನು ದಾಟಿ ಮುಂದೆ ಬಂದಳು.

"ಯಾಕ ಅವಸರ?" ಎಂದ ನಾರಾಯಣಪ್ಪ.

"ಅವಸರ ಏನಿಲ್ರಿ. ಹಿಂದ ಹಾಕಬೇಕು ಅನಸ್ತು, ಹಾಕಿದೆ."

ಮರುದಿನ ಬಯಲಿನಲ್ಲಿ ಇದನ್ನು ಕೇಳಿ ಅಮೃತವ್ವ ಜೋರಾಗಿ ನಕ್ಕರು. "ಹಂಗಾದ್ರ ನೀವು ಪಂದ್ಯಕ್ಕ ನಿಲ್ಲಬೇಕು ನೋಡ್ರಿ. ಜನವರಿ ಇಪ್ಪತ್ತಾರಕ್ಕ ಲಕ್ಷ್ಮೇಶ್ವರದಾಗ ಹೆಣ್ಣಮಕ್ಕಳ ಸೈಕಲ್ ಪಂದ್ಯ ಇಟ್ಟಾರ."

ನಾರಾಯಣಪ್ಪ ಬಹಳ ಹೊತ್ತು ಯೋಚಿಸಿ, "ಲಕ್ಷ್ಮೇಶ್ವರ ದೂರ ಐತಿ. ನಮ್ಮ ಮಂದಿ ಯಾರೂ ನೋಡೂದಿಲ್ಲ. ಹೋಗಿ ಬಾ" ಎಂದ. ಚೌಡವ್ವ ಬುತ್ತಿಗೆ ರೊಟ್ಟಿ ಬಡಿದುಕೊಟ್ಟಳು. ಆದರೆ ರೊಟ್ಟಿ ಬಡಿದ ಸಪ್ಪಳ ಎಂದಿಗಿಂತ ಜೋರಾಗಿತ್ತು.

ಸೈಕಲ್ಲನ್ನು ಮೋಟಾರು ಬಸ್ಸಿನ ಮೇಲೆ ಹಾಕಿಕೊಂಡು ಬನಶಂಕರೆವ್ವ, ಅಮೃತವ್ವ ಇಬ್ಬರೂ ಲಕ್ಷ್ಮೇಶ್ವರಕ್ಕೆ ಹೋದರು. ಪಂದ್ಯಕ್ಕೆ ನಿಂತವರೆಲ್ಲ ಎರಡು ಜಡೆಯ ಹುಡುಗಿಯರು. ಸೀಟಿ ಊದಿದ ಕೂಡಲೇ ಬನಶಂಕರೆವ್ವ ಇದ್ದ ಬಲವನ್ನೆಲ್ಲ ಹಾಕಿ ತುಳಿದಳು. ಎಲ್ಲರಿಗಿಂತ ಮುಂದೆ ಹೋದಳು. ಮಂದಿ ಕೇಕೆ ಹಾಕಿದರು. ಊರು ದಾಟುವುದರೊಳಗೆ ಬಾಯಿ ಒಣಗಿತು. ತೊಡೆ ಕಟ್ಟಿಗೆಯಂತಾಯಿತು. ಒಬ್ಬೊಬ್ಬರಾಗಿ ಹುಡುಗಿಯರು ಆಕೆಯನ್ನು ದಾಟಿದರು. ತಿರುವಿನಲ್ಲಿ ಚಕ್ಕಡಿಯೊಂದು ಎದುರಾಯಿತು. ತಪ್ಪಿಸಲು ಹೋಗಿ ಬನಶಂಕರೆವ್ವ ರಸ್ತೆ ಬದಿಯ ತಗ್ಗಿಗೆ ಉರುಳಿದಳು.

ಹ್ಯಾಂಡಲ್ ಸೊಟ್ಟಗಾಗಿತ್ತು. ಸೈಕಲ್ ತಳ್ಳಿಕೊಂಡು ಮೈದಾನಕ್ಕೆ ಬಂದಾಗ ಬಹುಮಾನ ಕೊಟ್ಟು ಮುಗಿದಿತ್ತು. ಕುರ್ಚಿಗಳನ್ನು ಎತ್ತಿಡುತ್ತಿದ್ದರು.

ತಿರುಗಿ ಬರುವ ಮೋಟಾರಿನಲ್ಲಿ ಆದದ್ದು ಇನ್ನೂ ಕೆಟ್ಟದ್ದು. ಮುಂದಿನ ಸೀಟಿನಲ್ಲಿ ಶಿರಹಟ್ಟಿಗೆ ಹೋಗುವ ಒಬ್ಬ ಮನುಷ್ಯ ಕುಳಿತಿದ್ದ. ಪಕ್ಕದವನಿಗೆ ಕೈ ಬೀಸಿ ಬೀಸಿ ಹೇಳುತ್ತಿದ್ದ.

"ಒಬ್ಬಾಕಿ ಮುದುಕಿ ನಿಂತಿದ್ಲಪಾ ಪಂದ್ಯಕ್ಕ! ಚಕ್ಕಡಿ ಎತ್ತು ಆಕಿನ್ನ ನೋಡಿ ಅಂಜಿದ್ವೋ, ಆಕಿ ಎತ್ತು ನೋಡಿ ಅಂಜಿದ್ಲೋ! ಧಪ್ಪಂತ ಬಿದ್ಲು ನೋಡು!"

ಮೋಟಾರಿನಲ್ಲಿದ್ದವರೆಲ್ಲ ನಕ್ಕರು. ಬನಶಂಕರೆವ್ವ ಸೆರಗನ್ನು ಮುಖಕ್ಕೆ ಎಳೆದುಕೊಂಡಳು. ಅಮೃತವ್ವ ಎದ್ದು ಜಗಳಕ್ಕೆ ಹೋಗುವವರಿದ್ದರು. ಬನಶಂಕರೆವ್ವ ಅವರ ಕೈ ಹಿಡಿದು ಕೂಡಿಸಿದಳು.

ಮಾರನೆಯ ದಿನ ಸೈಕಲ್ಲನ್ನು ಬಾಬಣ್ಣನ ಅಂಗಡಿಯ ಮುಂದೆ ನಿಲ್ಲಿಸಿ, "ಇನ್ನ ಬ್ಯಾಡಪಾ" ಎಂದು ಮನೆಗೆ ಬಂದಳು. ಮತ್ತೆ ರಾಟಿ, ಮತ್ತೆ ನೂಲು. ಹೋಳಿ ಹುಣ್ಣಿಮೆ ಬಂತು, ಹೋಯಿತು. ಸೈಕಲ್ ತುಳಿಯುವುದನ್ನು ಬಿಟ್ಟದ್ದಕ್ಕೆ ಮೊಣಕಾಲು ಮತ್ತೆ ಹಿಡಿಯಿತು. ಅಮೃತವ್ವ ಬಂದು ಕರೆದರೂ ಹೋಗಲಿಲ್ಲ.

ಒಂದು ಮಧ್ಯಾಹ್ನ ಚೌಡವ್ವ ಸೊಸೆಯ ಎದುರಿಗೆ ಬಂದು ಕುಳಿತಳು. ತಿರುಗುತ್ತಿದ್ದ ರಾಟಿಯನ್ನು ಕೈಯಿಂದ ತಡೆದು ನಿಲ್ಲಿಸಿದಳು.

"ಯಾಕ ಬಿಟ್ಟಿ?"

"ಸಾಕಾತು ಅತ್ತಿ. ಮಂದಿ ನಕ್ರು."

"ನನ್ನ ತವರು ಸಿಂಗಟಾಲೂರು, ನಿನಗ ಗೊತ್ತೈತಿ. ಹೊಳಿ ದಂಡಿ ಊರು. ಸಣ್ಣಾಕಿದ್ದಾಗ ನಾ ಹೊಳಿ ಈಸತಿದ್ದೆ, ಅದು ನಿನಗ ಗೊತ್ತಿಲ್ಲ. ಈ ದಂಡಿಯಿಂದ ಆ ದಂಡಿ ಮುಟ್ಟಿ ಬರತಿದ್ದೆ. ಗಂಡು ಹುಡುಗರು ನನ್ನ ಹಿಂದ ಉಳೀತಿದ್ರು. ಮದುವ್ಯಾದ ಮ್ಯಾಲ ಒಮ್ಮೆ ತವರಿಗೆ ಹೋದಾಗ ನೀರಿಗೆ ಇಳದೆ. ನಮ್ಮವ್ವ ಬ್ಯಾಡ ಅಂದ್ಲು. ಅತ್ತಿ ಮನಿಯವರಿಗೆ ತಿಳದ್ರ ಏನಂದಾರು ಅಂದ್ಲು. ಮ್ಯಾಲ ಬಂದೆ. ಮತ್ತ ಇಳೀಲಿಲ್ಲ. ಈಗೂ ತವರಿಗೆ ಹೋದ್ರ ಹೊಳಿ ಕಡೆ ಹೋಗೂದಿಲ್ಲ ನಾನು. ನೋಡಾಕ ಆಗೂದಿಲ್ಲ."

ಬನಶಂಕರೆವ್ವ ಅತ್ತೆಯ ಮುಖವನ್ನೇ ನೋಡಿದಳು. ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಒಂದೇ ಮನೆಯಲ್ಲಿದ್ದರೂ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

"ನಾನೂ ನಿನಗ ಬ್ಯಾಡ ಅಂದೆ" ಎಂದಳು ಚೌಡವ್ವ. "ದಿನಾ ಬೈದೆ. ನೀ ಕೇಳಲಿಲ್ಲ, ಕಲತಿ. ಮನಿ ಹಿರ್ಯಾಕಿ ಮಾತು ಮೀರಿದಾಕಿ, ಯಾವನೋ ಮೋಟಾರಿನ್ಯಾಗ ಕುಂತಾವನ ಮಾತು ಕೇಳತಿಯೇನ? ನನಗಿಂತ ಅವನ ಹೆಚ್ಚಾದನೇನ ನಿನಗ?"

ಬನಶಂಕರೆವ್ವನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಆವತ್ತೇ ಸಂಜೆ ಬಾಬಣ್ಣನ ಅಂಗಡಿಗೆ ಹೋದಳು. ಸೊಟ್ಟಗಿದ್ದ ಹ್ಯಾಂಡಲ್ಲನ್ನು ಬಾಬಣ್ಣ ಎಂದೋ ಸರಿ ಮಾಡಿ ಇಟ್ಟಿದ್ದ.

ಈ ಸಲ ಅಮೃತವ್ವ ಕ್ರಮ ಹಾಕಿಕೊಟ್ಟರು. "ಆವತ್ತು ನೀವು ವಯಸ್ಸಿನಿಂದ ಸೋಲಲಿಲ್ಲ. ತಯಾರಿ ಇಲ್ಲದ ಸೋತ್ರಿ. ಮೊದಲ ನಿಧಾನ ಹೋಗ್ರಿ, ಆಮ್ಯಾಲ ಜೋರು. ನೀರಡಿಕಿ ಆಗೂ ಮೊದಲ ನೀರು ಕುಡೀರಿ. ಹೊಟ್ಟಿ ತುಂಬ ಉಂಡು ಹತ್ತಬ್ಯಾಡ್ರಿ. ಎದಿ ನೋವು, ತಲಿ ಚಕ್ಕರ ಬಂದ್ರ ಇಳದ ಬಿಡ್ರಿ, ನನಗ ಹೇಳ್ರಿ. ವಾರದಾಗ ಒಂದಿನ ಕಾಲಿಗೆ ವಿಶ್ರಾಂತಿ ಕೊಡ್ರಿ."

ಬನಶಂಕರೆವ್ವ ಅದರಂತೆಯೇ ಮಾಡಿದಳು. ಮುಂಡರಗಿ ದಾರಿ ಹಿಡಿದು ದಿನದಿನಕ್ಕೆ ಒಂದಿಷ್ಟು ಮುಂದೆ ಹೋಗುತ್ತಿದ್ದಳು. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡರೆ ಕಡ್ಡಿಯಿಂದ ಕೆರೆದು ಮತ್ತೆ ಹತ್ತುತ್ತಿದ್ದಳು. ಕಳಚಿದ ಚೈನು ಹಾಕುವುದನ್ನು, ಪಂಕ್ಚರ್ ತಿದ್ದುವುದನ್ನು ಬಾಬಣ್ಣ ಕಲಿಸಿದ. ಶ್ರಾವಣದಲ್ಲಿ ಡಂಬಳದವರೆಗೆ ಹೋಗಿ, ಕೆರೆಯ ಏರಿಯ ಮೇಲೆ ಕುಳಿತು ರೊಟ್ಟಿ ತಿಂದು, ಬಿಸಿಲೇರುವ ಮೊದಲೇ ಮನೆಗೆ ಬಂದಳು.

ಅಷ್ಟರಲ್ಲಿ ಊರಲ್ಲೆಲ್ಲ ಒಂದೇ ಮಾತಾಗಿತ್ತು. ನವೆಂಬರ್ ಒಂದಕ್ಕೆ ನಮ್ಮ ಧಾರವಾಡ ಜಿಲ್ಲೆ ಮುಂಬೈ ರಾಜ್ಯವನ್ನು ಬಿಟ್ಟು ಕನ್ನಡಿಗರೆಲ್ಲರ ಜೊತೆಗೆ ಒಂದಾಗುತ್ತದೆ. ಗದಗಿನಲ್ಲಿ ಮೆರವಣಿಗೆ, ಕುಸ್ತಿ, ಪದಗಳು. ಹಾಗೆಯೇ ಹೆಂಗಸರ ಸೈಕಲ್ ಪಂದ್ಯ. ಗದಗಿನಿಂದ ಮುಂಡರಗಿ ದಾರಿಯ ಪಾಪನಾಶಿಗೆ ಹೋಗಿ, ಅಲ್ಲಿಂದ ತಿರುಗಿ ಗದಗಿಗೆ ಬರಬೇಕು.

ಹೆಸರು ಕೊಡಲು ಬನಶಂಕರೆವ್ವ ಹೋದಳು. ಜೊತೆಗೆ ನಾರಾಯಣಪ್ಪನೂ ಹೋದ. ಪಂದ್ಯದ ಹಿರಿಯರಾಗಿದ್ದ ಹೆಡ್‌ಮಾಸ್ತರ್ ಚನ್ನಬಸವಣ್ಣನವರು ಒಳ್ಳೆಯವರು, ಆದರೆ ಅಂಜುವ ಸ್ವಭಾವ.

"ತಾಯಿ, ಇದು ಹುಡುಗ್ಯಾರ ಪಂದ್ಯ. ನೀವು ಬಿದ್ದು ಕೈಕಾಲು ಮುರಕೊಂಡ್ರ ಸಂಭ್ರಮದ ದಿನ ಊರಿಗೆಲ್ಲಾ ಸಂಕಟ. ಅದರ ಹೊಣಿ ಯಾರದು?"

ಆಗ ಹಿಂದೆ ನಿಂತಿದ್ದ ನಾರಾಯಣಪ್ಪ ಮುಂದೆ ಬಂದ. ನಾಲ್ಕು ಮಂದಿಯ ನಡುವೆ ದನಿ ಎತ್ತಿ ಮಾತಾಡಿದ ಮನುಷ್ಯನಲ್ಲ ಆತ.

"ಹೊಣಿ ನಂದ್ರಿ" ಎಂದ. "ಇಕಿ ನನ್ನ ಕೂಡಿಸಿಕೊಂಡು ಗದಗಿಗೆ ಬಂದು ಹೋಗ್ಯಾಳ. ನನ್ನ ಕೆಡವಿಲ್ಲ. ಪಂದ್ಯದಾಗ ನಾ ಹಿಂದ ಕುಂಡ್ರೂದಿಲ್ಲಲ್ಲ, ಇನ್ನೂ ಹಗರ ಆಗತೈತಿ. ಹೆಸರು ಬರ್ಕೊಳ್ರಿ."

ಅಲ್ಲಿದ್ದವರು ನಕ್ಕರು. ಚನ್ನಬಸವಣ್ಣನವರೂ ನಕ್ಕು ಹೆಸರು ಬರೆದುಕೊಂಡರು.

ಪಂದ್ಯದ ದಿನ ಬೆಳಿಗ್ಗೆ ಮೂಡಗಾಳಿ ಜೋರಾಗಿ ಬೀಸುತ್ತಿತ್ತು. ಗೆರೆಯ ಮೇಲೆ ಗದಗಿನ ಶಾಲೆಯಲ್ಲಿ ಕಲಿಸುವ ಬಾಯಂದಿರು, ಹುಬ್ಬಳ್ಳಿಯಿಂದ ಬಂದ ಕಾಲೇಜಿನ ಹುಡುಗಿಯರು ನಿಂತಿದ್ದರು. ಹಿರೇವಡ್ಡಟ್ಟಿಯ ದುರಗವ್ವ ಎಂಬ ಹುಡುಗಿ ಅಣ್ಣನ ದೊಡ್ಡ ಸೈಕಲ್ ತಂದಿದ್ದಳು. ಹೊಲದ ಕೆಲಸದಲ್ಲಿ ಬೆಳೆದ ಮೈಕಟ್ಟು. ಅವಳೇ ಗೆಲ್ಲುತ್ತಾಳೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಸೀಟಿ ಊದಿದರು. ಹುಡುಗಿಯರು ಬಾಣದಂತೆ ಹೋದರು. ಬನಶಂಕರೆವ್ವ ಅವಸರ ಮಾಡಲಿಲ್ಲ. ಊರು ದಾಟುವವರೆಗೆ ಎಲ್ಲರ ಹಿಂದೆ ಇದ್ದಳು. "ಲಕ್ಷ್ಮೇಶ್ವರದ ಹಂಗ ಆತು" ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಆಕೆ ತಿರುಗಿ ನೋಡಲಿಲ್ಲ.

ಬಯಲಿಗೆ ಬಂದ ಕೂಡಲೇ ಗಾಳಿ ಎದೆಗೆ ಹೊಡೆಯಿತು. ಜೋರಾಗಿ ಹೋಗಿದ್ದವರೆಲ್ಲ ಸೋಲತೊಡಗಿದರು. ಬನಶಂಕರೆವ್ವ ಮೈ ಬಗ್ಗಿಸಿ ಒಂದೇ ಸಮ ತುಳಿದಳು. ಹತ್ತಿಯ ಹೊಲಗಳ ನಡುವೆ ಒಬ್ಬೊಬ್ಬರನ್ನೇ ದಾಟಿದಳು. ಕೊನೆಗೆ ಮುಂದೆ ಉಳಿದವಳು ದುರಗವ್ವ ಒಬ್ಬಳೇ. ಬನಶಂಕರೆವ್ವ ಆಕೆಯ ಬೆನ್ನ ಹಿಂದೆ ಸೇರಿಕೊಂಡಳು.

"ಏನಬೇ ಯವ್ವಾ, ನನ್ನ ಮರ್ಯಾಗ ಬರಾಕತ್ತಿಯೇನ?" ಎಂದಳು ದುರಗವ್ವ.

"ಗಾಳಿ ಬಾಳ ಐತಿ. ನಿನ್ನ ಬೆನ್ನು ಅಗಲ ಐತಿ."

ದುರಗವ್ವ ಉಸಿರು ಬಿಡುತ್ತಲೇ ನಕ್ಕಳು. ಸ್ವಲ್ಪ ದೂರ ಹೋದ ಮೇಲೆ ಬನಶಂಕರೆವ್ವ ಮುಂದೆ ಬಂದು, "ಈಗ ನೀ ಬಾ ನನ್ನ ಹಿಂದ. ಒಂದೀಟು ದಮ್ಮು ತಗೊ" ಎಂದಳು. ಹೀಗೆ ಒಬ್ಬರಾದ ಮೇಲೆ ಒಬ್ಬರು ಗಾಳಿಗೆ ಎದೆಕೊಟ್ಟು ಪಾಪನಾಶಿ ಮುಟ್ಟಿದರು. ಉಳಿದವರು ಬಹಳ ಹಿಂದೆ ಬಿದ್ದಿದ್ದರು.

ತಿರುಗಿದ ಮೇಲೆ ಗಾಳಿ ಬೆನ್ನಿಗೆ ಬಂತು. ಇನ್ನು ಸ್ನೇಹ ಮುಗಿಯಿತು, ಪಂದ್ಯ ಶುರುವಾಯಿತು. ಇಬ್ಬರೂ ಸರಿಸಮ ಓಡಿಸಿದರು. ಒಂದು ಕಲ್ಲಿನ ಮೇಲೆ ಗಾಲಿ ಹಾರಿದಾಗ ಬನಶಂಕರೆವ್ವನ ಸೈಕಲ್ಲಿನ ಚೈನು ಕಳಚಿತು. ಪೆಡಲು ಸುಮ್ಮನೆ ತಿರುಗಿತು. ದುರಗವ್ವ ಮುಂದೆ ಹೋಗಿಬಿಟ್ಟಳು.

ಬನಶಂಕರೆವ್ವ ಇಳಿದಳು. ಬೆರಳುಗಳು ನೇರ ಚೈನಿಗೆ ಹೋದವು. ಕಡಿದ ಎಳೆಯನ್ನು ಸಾವಿರ ಸಲ ಜೋಡಿಸಿದ ಬೆರಳುಗಳು ಅವು. ಚೈನನ್ನು ಹಿಂದಿನ ಹಲ್ಲಿಗೆ ಸಿಕ್ಕಿಸಿ, ಮುಂದಿನದಕ್ಕೆ ಹಾಕಿ, ಪೆಡಲು ತಿರುಗಿಸಿ, ಎಣ್ಣೆಗೈಯನ್ನು ಸೀರೆಗೆ ಒರೆಸಿ ಮತ್ತೆ ಹತ್ತಿದಳು.

ದುರಗವ್ವ ದೂರದಲ್ಲಿ ಚುಕ್ಕೆಯಷ್ಟು ಕಾಣುತ್ತಿದ್ದಳು. ಬನಶಂಕರೆವ್ವ ತುಳಿದಳು. ಕಾದಿಟ್ಟುಕೊಂಡಿದ್ದ ಬಲವನ್ನೆಲ್ಲ ಈಗ ಹಾಕಿದಳು. ಚುಕ್ಕೆ ದೊಡ್ಡದಾಯಿತು. ಬೆನ್ನು ಕಂಡಿತು. ಜಡೆ ಕಂಡಿತು. ಗದಗಿನ ಮನೆಗಳು ಬಂದವು. ದಾರಿಯ ಎರಡೂ ಕಡೆ ಜನ, ಹಲಗೆಯ ಸಪ್ಪಳ, ಜಯಕಾರ. ಗೆರೆ ಕಾಣುತ್ತಿತ್ತು. ಇನ್ನೂ ಎರಡು ಗಾಲಿಯಷ್ಟು ಹಿಂದಿದ್ದಳು.

ಆಗ ಜನರ ನಡುವಿನಿಂದ ಒಂದು ಕೂಗು ಕೇಳಿತು.

"ಬನಶಂಕ್ರೀ! ತುಳೀ! ಹಿಂದ ಹಾಕು ಆಕಿನ್ನ!"

ನಾರಾಯಣಪ್ಪ ರಸ್ತೆಯ ಬದಿಗೆ ಧೋತರ ಎತ್ತಿ ಕಟ್ಟಿ ಓಡುತ್ತಿದ್ದ. ಮದುವೆಯಾದಾಗಿನಿಂದ ಆತ ಮಂದಿಯ ಎದುರು ಹೆಂಡತಿಯ ಹೆಸರು ಹಿಡಿದು ಕರೆದಿರಲಿಲ್ಲ. ಇಂದು ಗದಗಿನ ಜನವೆಲ್ಲ ಕೇಳುವಂತೆ ಕೂಗುತ್ತಿದ್ದ. ಬನಶಂಕರೆವ್ವ ಸೀಟಿನಿಂದ ಎದ್ದು ನಿಂತು ತುಳಿದಳು. ಗೆರೆಯ ಹತ್ತಿರ ಎರಡು ಸೈಕಲ್ ಸರಿಸಮವಾದವು. ಅರ್ಧ ಗಾಲಿಯಷ್ಟು ಅಂತರದಲ್ಲಿ ಬನಶಂಕರೆವ್ವ ಗೆದ್ದಳು.

ಸೈಕಲ್ ನಿಂತ ಮೇಲೆ ಇಬ್ಬರೂ ನೆಲಕ್ಕೆ ಕುಳಿತರು. ದುರಗವ್ವ ತನ್ನ ನೀರಿನ ತಂಬಿಗೆಯನ್ನು ಮುಂದೆ ಹಿಡಿದು, "ನಿನಗ ಎಷ್ಟು ವರ್ಷಬೇ?" ಎಂದಳು.

"ನಲವತ್ಮೂರು."

"ಹಂಗಾದ್ರ ನನಗ ಇನ್ನೂ ಬಾಳ ದಿನ ಅದಾವ" ಎಂದಳು ದುರಗವ್ವ. ಇಬ್ಬರೂ ನಕ್ಕರು.

ಚೌಡವ್ವ ಚಕ್ಕಡಿಯ ಮೇಲೆ ಕುಳಿತು ಎಲ್ಲವನ್ನೂ ನೋಡಿದ್ದಳು. ಸುತ್ತಲಿನ ಹೆಂಗಸರಿಗೆ, "ನೋಡ್ರಿ, ಆಕಿ ನಮ್ಮ ಸೊಸಿ. ನಾ ಎಷ್ಟು ಬೈದ್ರೂ ಕೇಳಲಿಲ್ಲ" ಎಂದು ಹೆಮ್ಮೆಯಿಂದ ಹೇಳುತ್ತಿದ್ದಳು. ಚನ್ನಬಸವಣ್ಣನವರು ಹಿತ್ತಾಳೆಯ ಕೊಡವನ್ನು ಬಹುಮಾನ ಕೊಟ್ಟು, "ತಾಯಿ, ನಾ ಅಂದದ್ದು ತಪ್ಪಾತು. ನಮ್ಮ ಮನಿಯಾಕಿಗೂ ಮೊಣಕಾಲು ನೋವೈತಿ. ನಾಳೆ ಕಳಸಲೇನು?" ಎಂದರು.

"ಕಳಸ್ರಿ" ಎಂದಳು ಬನಶಂಕರೆವ್ವ.

ಮರುದಿನ ಬೆಳಿಗ್ಗೆ ಬಯಲಿಗೆ ಹೆಡ್‌ಮಾಸ್ತರರ ಹೆಂಡತಿಯೊಬ್ಬರೇ ಬರಲಿಲ್ಲ. ನೇಕಾರರ ಓಣಿಯಿಂದಲೇ ಎಂಟು ಹತ್ತು ಹೆಂಗಸರು ಬಂದಿದ್ದರು. ಸೈಕಲ್ ಸಾಲದೆ ಸರದಿ ಹಚ್ಚಬೇಕಾಯಿತು. ಮನೆಯಲ್ಲಿ ಅಂದಿನಿಂದ ನೂಲು ಸುತ್ತುವಾಗ ನಡುನಡುವೆ ನಾರಾಯಣಪ್ಪನೇ, "ಏಳು, ಕುಂತು ಬಾಳ ಹೊತ್ತಾತು" ಎಂದು ನೆನಪಿಸುತ್ತಿದ್ದ.

ತಾಯಂದಿರೇ, ಅಕ್ಕತಂಗಿಯರೇ, ಈಗ ನಿಮಗೆ ಒಂದು ಮಾತು. ಮುಟ್ಟು ನಿಂತರೆ ಬದುಕು ನಿಲ್ಲುವುದಿಲ್ಲ. ಮೈಯಲ್ಲಿ ಏನಾಗುತ್ತಿದೆ ಎಂಬುದನ್ನು ನಾಚಿಕೆ ಬಿಟ್ಟು ನರ್ಸಮ್ಮನಿಗೆ ಹೇಳಿ. ಎದೆಯ ತೊಂದರೆ ಇದ್ದವರು ಮೊದಲು ಡಾಕ್ಟರರನ್ನು ಕೇಳಿ. ಉಳಿದವರು ನಾಳೆಯೇ ಶುರು ಮಾಡಿ. ಸೈಕಲ್ ಇದ್ದರೆ ಸೈಕಲ್ ಕಲಿಯಿರಿ, ಇಲ್ಲದಿದ್ದರೆ ಹೊಲದವರೆಗೆ ಚುರುಕಾಗಿ ನಡೆದು ಬನ್ನಿ. ಗಂಡಸರೇ, ನೀವು ಅಡ್ಡ ನಿಲ್ಲಬೇಡಿ. ಪಕ್ಕಕ್ಕೆ ಸರಿದು ಕೂಗಿ ಹುರುಪು ಕೊಡಿ. ನಿಮ್ಮ ಊರಲ್ಲಿ ಪಂದ್ಯ ನಡೆದರೆ ಹೆಸರು ಕೊಡಿ. ಪಂದ್ಯವೇ ಇಲ್ಲವೇ? ನಾಲ್ವರು ಹೆಂಗಸರು ಕೂಡಿ, ಊರ ಹೊರಗೆ ಒಂದು ಬೇವಿನ ಮರದಿಂದ ಇನ್ನೊಂದು ಬೇವಿನ ಮರದವರೆಗೆ ನೀವೇ ಪಂದ್ಯ ಹಚ್ಚಿ. ಗೆದ್ದವಳಿಗೆ ಚಪ್ಪಾಳೆ ತಟ್ಟಿ. ಕೊನೆಗೆ ಬಂದವಳಿಗೆ ಇನ್ನೂ ಜೋರಾಗಿ ತಟ್ಟಿ. ಮುಂದಿನ ಸಲ ಮೊದಲು ಬರುವವಳು ಅವಳೇ ಇರಬಹುದು.